ಟ್ರೈಲರ್‌ಗೆ ವೇಸ್ಟ್ ಆಯಿಲ್ ಬಳಿದರೆ ತುಕ್ಕು ಹಿಡಿಯುವುದಿಲ್ಲವೇ? ಮಲೆನಾಡಿನ ಮಳೆಗೆ ಯಾವ ಲೇಪನ ಸರಿ?

ಮೇ ತಿಂಗಳು ಬಂದರೆ ಸಾಕು, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಮಳೆಗಾಲದ ಸಲಹೆಗಳು ಹರಿದಾಡತೊಡಗುತ್ತವೆ. ಟಾರ್ಪಲ್ ಎಲ್ಲಿ ಅಗ್ಗ, ಅಡಿಕೆಗೆ ಔಷಧಿ ಯಾವಾಗ ಹೊಡೆಯಬೇಕು, ಹೀಗೆ. ಇವುಗಳ ನಡುವೆ ಇನ್ನೊಂದು ಬಗೆಯ ಸಂದೇಶವನ್ನು ನೀವೂ ನೋಡಿರಬಹುದು: "ಟಿಲ್ಲರ್ ಟ್ರೈಲರ್‌ಗೆ ವೇಸ್ಟ್ ಆಯಿಲ್ ಬಳಿಯಿರಿ, ತುಕ್ಕು ಹತ್ತಿರ ಸುಳಿಯುವುದಿಲ್ಲ." "ಸಿಲ್ವರ್ ಪೇಂಟ್ ಹೊಡೆದರೆ ಜಿಐ ಆದ ಹಾಗೇ." "ಸ್ಟೀಲ್ ಬೋಲ್ಟ್ ಹಾಕಿ, ಜನ್ಮದಲ್ಲಿ ತುಕ್ಕು ಬರುವುದಿಲ್ಲ."

ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು, ಯಾವುದು ಅರ್ಧ ನಿಜ ಎಂದು ಒಂದೊಂದಾಗಿ ನೋಡೋಣ. ಇದು ಬರೀ ಅಂದಚಂದದ ವಿಷಯವಲ್ಲ. ನಮ್ಮ ಮನೆಯ ಟ್ರೈಲರ್‌ಗೆ ಒಂದು ಬೇಸಿಗೆಯಲ್ಲಿ ಹೊಸ ಬಣ್ಣ ಬಳಿಸಿದ್ದೆವು. ನೋಡಲು ಶೋರೂಮಿನಿಂದ ಬಂದ ಹಾಗಿತ್ತು. ಮುಂದಿನ ವರ್ಷ ಟಿಲ್ಲರ್‌ಗೆ ಸಿಕ್ಕಿಸುವ ಮುಂಭಾಗದ ಚೌಕ ಪೈಪಿನ ಮೇಲೆ ಸಣ್ಣದೊಂದು ಗುಳ್ಳೆ ಕಂಡಿತು. ಅಪ್ಪಯ್ಯ ಸ್ಕ್ರೂ ಡ್ರೈವರ್‌ನಿಂದ ಕೆರೆದು ನೋಡಿದರೆ, ಅದು ಸೀದಾ ಒಳಗೇ ಹೋಯಿತು. ಬಣ್ಣ ಹೊರಗೆ ಗಟ್ಟಿಯಾಗಿಯೇ ಇತ್ತು, ಒಳಗೆ ಪೈಪೇ ಇರಲಿಲ್ಲ! ಗೊಬ್ಬರ ತುಂಬಿಕೊಂಡು ತೋಟದ ಇಳಿಜಾರಿನಲ್ಲಿ ಇಳಿಯುವಾಗ ಅದು ಮುರಿದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚನೆಯಾಗುತ್ತದೆ.

ಚುಟುಕಾಗಿ ಹೇಳುವುದಾದರೆ:
• ಹೊಸ ಟ್ರೈಲರ್ ಮಾಡಿಸುವವರಿಗೆ ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಒಳ್ಳೆಯದು.
• ಹಳೆಯದಕ್ಕೆ ತುಕ್ಕು ಪೂರ್ತಿ ತೆಗೆದು, ಜಿಂಕ್ ಪ್ರೈಮರ್ ಹಾಕಿ, ಮೇಲೆ ಬಣ್ಣ ಬಳಿಯುವುದು ಒಳ್ಳೆಯದು.
• ಮೈಲುತುತ್ತ ಮತ್ತು ಪೊಟ್ಯಾಶ್ ತಾಗಿದರೆ ಯಾವ ಲೇಪನವೂ ಬಹಳ ಕಾಲ ಉಳಿಯುವುದಿಲ್ಲ. ತೊಳೆಯಲೇಬೇಕು.
• ವೇಸ್ಟ್ ಆಯಿಲ್ ಬೇಡವೇ ಬೇಡ.

ಏಕೆ ಎಂದು ಮುಂದೆ ನೋಡೋಣ.

ತುಕ್ಕು ಅಂದರೆ ಏನು?

ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ, ಈ ಮೂರೂ ಸೇರಿದಾಗ ತುಕ್ಕು ಹುಟ್ಟುತ್ತದೆ. ಒಂದು ಇಲ್ಲದಿದ್ದರೂ ಆಗುವುದಿಲ್ಲ. ಇಲ್ಲಿ ನೀರು ಎಂದರೆ ಮಳೆಯೇ ಆಗಬೇಕೆಂದಿಲ್ಲ. ಗಾಳಿಯ ತೇವಾಂಶ ಸುಮಾರು 60 ಪ್ರತಿಶತ ದಾಟಿದರೆ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ಕೂರುತ್ತದೆ, ತುಕ್ಕಿಗೆ ಅಷ್ಟು ಸಾಕು. ಶೃಂಗೇರಿ ಕಡೆ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಪೂರ್ವಕ್ಕೆ ಎನ್.ಆರ್.ಪುರದತ್ತ ಹೋದಂತೆ ಮಳೆ ಕಡಿಮೆಯಾಗುತ್ತದೆ, ಆದರೆ ಆಟಿ ತಿಂಗಳಲ್ಲಿ ಬಟ್ಟೆ ಒಣಗದ ಕಷ್ಟ ಮೂರೂ ತಾಲ್ಲೂಕುಗಳಿಗೆ ಗೊತ್ತು. ಬಟ್ಟೆ ಒಣಗದ ಗಾಳಿಯಲ್ಲಿ ಕಬ್ಬಿಣವೂ ಒಣಗುವುದಿಲ್ಲ.

ಇನ್ನೊಂದು ವಿಷಯ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ 2 ರಿಂದ 6 ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ. ಆದ್ದರಿಂದ ಬಣ್ಣದ ಕೆಳಗೆ ಒಂದು ಚುಕ್ಕೆ ತುಕ್ಕು ಉಳಿದರೂ ಅದು ಉಬ್ಬಿ ಬಣ್ಣವನ್ನು ಮೇಲಕ್ಕೆ ಎತ್ತುತ್ತದೆ. ಆ ಸಂದಿಗೆ ನೀರು ಹೋಗುತ್ತದೆ, ಇನ್ನಷ್ಟು ತುಕ್ಕಾಗುತ್ತದೆ. ನಮ್ಮ ಟ್ರೈಲರ್‌ನಲ್ಲಿ ಕಂಡ ಗುಳ್ಳೆ ಇದೇ.

ಉತ್ತರ ನಿಮ್ಮ ಔಷಧಿ ಡ್ರಮ್ಮಿನಲ್ಲೇ ಇದೆ

ಅಡಿಕೆ ಬೆಳೆಗಾರರಿಗೆ ತುಕ್ಕಿನ ವಿಜ್ಞಾನ ಹೊಸದಲ್ಲ. ಬೋರ್ಡೋ ದ್ರಾವಣ ಸರಿಯಾಗಿದೆಯೇ ಎಂದು ಹೇಗೆ ನೋಡುತ್ತೀರಿ? ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಬೆರೆಸಿದ ಮೇಲೆ ಹೊಳೆಯುವ ಚಾಕುವನ್ನೋ ಕತ್ತಿಯನ್ನೋ ಅದ್ದಿ ತೆಗೆಯುತ್ತೀರಿ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಎಂದು ಅರ್ಥ, ಇನ್ನಷ್ಟು ಸುಣ್ಣ ಹಾಕುತ್ತೀರಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಆಸುಪಾಸಿನಲ್ಲಿ ಕೊಳೆರೋಗದ ಅಧ್ಯಯನ ಮಾಡಿ ಈ ದ್ರಾವಣವನ್ನು ಮಲೆನಾಡಿನ ತೋಟಗಳಿಗೆ ತಂದರು. ನೂರು ವರ್ಷ ದಾಟಿದರೂ ಚಾಕುವಿನ ಪರೀಕ್ಷೆ ಉಳಿದಿದೆ.

ಆ ಕೆಂಪು ಬಣ್ಣ ಏನು? ತಾಮ್ರ. ಮೈಲುತುತ್ತದಲ್ಲಿ ಕರಗಿದ್ದ ತಾಮ್ರ ಚಾಕುವಿನ ಮೇಲೆ ಕೂತಿದೆ. ಅದು ಕೂರಬೇಕಾದರೆ ಅಷ್ಟೇ ಪ್ರಮಾಣದ ಕಬ್ಬಿಣ ಕರಗಿ ನೀರಿಗೆ ಹೋಗಿರಬೇಕು. ಲೋಹಗಳಲ್ಲಿ ಒಂದು ಸಾಲು ಇದೆ. ಸಾಲಿನ ಮುಂದಿರುವ ಲೋಹ ಸುಲಭವಾಗಿ ಕರಗಿ ಹೋಗುತ್ತದೆ, ಹಿಂದಿರುವುದು ಉಳಿಯುತ್ತದೆ. ತಾಮ್ರಕ್ಕಿಂತ ಕಬ್ಬಿಣ ಮುಂದಿದೆ, ಹಾಗಾಗಿ ಕಬ್ಬಿಣ ಕರಗಿತು.

ಈಗ ಸತುವಿನ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಜಿಂಕ್ ಎನ್ನುತ್ತಾರಲ್ಲ, ಅದೇ. ಸತು ಕಬ್ಬಿಣಕ್ಕಿಂತಲೂ ಮುಂದಿದೆ. ಎರಡೂ ಅಂಟಿಕೊಂಡು ಒದ್ದೆಯಾದರೆ ಮೊದಲು ಸತು ಹೋಗುತ್ತದೆ, ಕಬ್ಬಿಣ ಉಳಿಯುತ್ತದೆ. ಕೊಡದ ಮೇಲೆ, ಪೈಪಿನ ಮೇಲೆ, ಬೇಲಿ ತಂತಿಯ ಮೇಲೆ ಸತು ಬಳಿಯುವುದು ಇದಕ್ಕೇ. ಬಣ್ಣವೂ ಕಾಪಾಡುತ್ತದೆ, ಆದರೆ ಕೊಡೆಯ ಹಾಗೆ. ತೂತು ಬಿದ್ದಲ್ಲಿ ನೆನೆಯುತ್ತದೆ. ಸತು ಹಾಗಲ್ಲ. ಸಣ್ಣ ಗೀರು ಬಿದ್ದರೂ ಸುತ್ತಲಿನ ಸತು ತಾನು ಕರಗುತ್ತಾ ಗೀರಿನಲ್ಲಿ ಕಾಣುವ ಕಬ್ಬಿಣವನ್ನು ಕಾಯುತ್ತದೆ. ಕಲ್ಲು, ಮರದ ದಿಮ್ಮಿ, ಅಡಿಕೆ ಮೂಟೆ ಹೊರುವ ಟ್ರೈಲರ್‌ಗೆ ಗೀರು ಬೀಳದೆ ಇರುತ್ತದೆಯೇ? ಆದ್ದರಿಂದಲೇ ಸತು ಬೇಕು.

ಜಿಐ ಎಂದರೆ ಎಲ್ಲವೂ ಒಂದೇ ಅಲ್ಲ

ಇಲ್ಲಿ ಹೆಚ್ಚಿನವರು ಮೋಸ ಹೋಗುತ್ತಾರೆ. "ಜಿಐ ಇದೆ" ಎಂದರೆ ಸಾಲದು, ಎಷ್ಟು ದಪ್ಪ ಇದೆ ಎಂದು ಕೇಳಬೇಕು. ಮನುಷ್ಯನ ಕೂದಲು ಸುಮಾರು 70 ಮೈಕ್ರಾನ್ ದಪ್ಪ. ಅದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಹಾಟ್ ಡಿಪ್: ವೆಲ್ಡಿಂಗ್ ಮುಗಿದ ಇಡೀ ಚೌಕಟ್ಟನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆಯುತ್ತಾರೆ. ಐಎಸ್ಒ 1461 ಮಾನದಂಡದ ಪ್ರಕಾರ 6 ಮಿ.ಮೀ.ಗಿಂತ ದಪ್ಪದ ಉಕ್ಕಿನ ಮೇಲೆ ಸರಾಸರಿ 85 ಮೈಕ್ರಾನ್, 3 ರಿಂದ 6 ಮಿ.ಮೀ. ಇದ್ದರೆ 70, 1.5 ರಿಂದ 3 ಮಿ.ಮೀ. ತಗಡಿಗೆ 55 ಮೈಕ್ರಾನ್ ಇರಬೇಕು.

ಜಿಐ ಶೀಟು: ಚದರ ಮೀಟರಿಗೆ 120 ಗ್ರಾಂ ಸತು ಎಂದು ಬರೆದಿದ್ದರೆ ಅದು ಎರಡೂ ಬದಿ ಸೇರಿದ ಲೆಕ್ಕ. ಒಂದು ಬದಿಗೆ ಸುಮಾರು 8 ಮೈಕ್ರಾನ್ ಅಷ್ಟೇ. 275 ಗ್ರಾಂ ಇದ್ದರೆ ಸುಮಾರು 19 ಮೈಕ್ರಾನ್.

ಜಿಂಕ್ ಪ್ಲೇಟಿಂಗ್: ಹೊಳೆಯುವ ನಟ್ಟು ಬೋಲ್ಟುಗಳ ಮೇಲೆ ಇರುವುದು ಇದು. ಸಾಮಾನ್ಯವಾಗಿ 5 ರಿಂದ 12 ಮೈಕ್ರಾನ್.

ಐಎಸ್ಒ 9223 ಎಂಬ ಇನ್ನೊಂದು ಮಾನದಂಡ ವಾತಾವರಣಗಳನ್ನು ವರ್ಗ ಮಾಡುತ್ತದೆ. ಅದರಲ್ಲಿ ಮಧ್ಯಮ ವರ್ಗದ ವಾತಾವರಣದಲ್ಲಿ ಸತು ವರ್ಷಕ್ಕೆ 0.7 ರಿಂದ 2.1 ಮೈಕ್ರಾನ್ ಸವೆಯುತ್ತದೆ. ವರ್ಷಕ್ಕೆ 2 ಮೈಕ್ರಾನ್ ಎಂದು ಇಟ್ಟುಕೊಂಡರೂ 70 ಮೈಕ್ರಾನ್ 35 ವರ್ಷ ಬರುತ್ತದೆ, 8 ಮೈಕ್ರಾನ್ 4 ವರ್ಷಕ್ಕೆ ಮುಗಿಯುತ್ತದೆ. ಇದು ಬರೀ ಗಾಳಿ ಮಳೆಯ ಲೆಕ್ಕ. ಗೊಬ್ಬರ, ಮೈಲುತುತ್ತ ತಾಗಿದರೆ ಲೆಕ್ಕವೇ ಬೇರೆ.

ಕಡಲಿಲ್ಲದ ಊರಿನಲ್ಲೂ ಉಪ್ಪು

ದೋಣಿ ಹೊರುವ ಟ್ರೈಲರ್‌ಗಳು ಬೇಗ ಹಾಳಾಗುವುದು ಏಕೆ? ದೋಣಿಯನ್ನು ನೀರಿಗೆ ಇಳಿಸುವಾಗ ಟ್ರೈಲರ್ ಕೂಡ ಮುಳುಗುತ್ತದೆ. ಮಲ್ಪೆಯಂಥ ಕಡಲ ದಡದಲ್ಲಾದರೆ ಆ ನೀರು ಉಪ್ಪು. ಉಪ್ಪಿನಲ್ಲಿರುವ ಕ್ಲೋರೈಡ್ ತುಕ್ಕಿನ ವೇಗ ಹೆಚ್ಚಿಸುತ್ತದೆ, ಬಣ್ಣದ ಸಣ್ಣ ಸಂದಿಯಲ್ಲೂ ನುಗ್ಗುತ್ತದೆ. ಎನ್.ಆರ್.ಪುರದ ಭದ್ರಾ ಹಿನ್ನೀರಿನಲ್ಲಿ ದೋಣಿ ಇಳಿಸುವವರಿಗೆ ಈ ಕಾಟ ಇಲ್ಲ, ಅದು ಸಿಹಿನೀರು. ಹಾಟ್ ಡಿಪ್ ಮಾಡಿದ ಟ್ರೈಲರ್ ಅಲ್ಲಿ ಚೆನ್ನಾಗಿ ಬಾಳಿಕೆ ಬರುತ್ತದೆ.

ಆದರೆ ನಾವು ತೋಟದವರು ಕಡಲಿಲ್ಲದೆಯೂ ಟ್ರೈಲರ್‌ಗೆ ಉಪ್ಪು ತಿನ್ನಿಸುತ್ತೇವೆ! ಅಡಿಕೆಗೆ ಹಾಕುವ ಪೊಟ್ಯಾಶ್, ಅಂದರೆ ಎಂಒಪಿ, ರಾಸಾಯನಿಕವಾಗಿ ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನ ಸಂಬಂಧಿಯೇ. ಮೂಟೆ ಹರಿದು ಟ್ರೈಲರ್ ಮೂಲೆಯಲ್ಲಿ ಬಿದ್ದ ಒಂದು ಹಿಡಿ ಪೊಟ್ಯಾಶ್ ಗಾಳಿಯ ತೇವ ಎಳೆದುಕೊಂಡು ಅಲ್ಲೇ ಉಪ್ಪುನೀರಾಗುತ್ತದೆ. ಅದರ ಮೇಲೆ ಕೊಟ್ಟಿಗೆ ಗೊಬ್ಬರ ಕೂತರೆ ಒಣಗುವ ಮಾತೇ ಇಲ್ಲ. ಮೈಲುತುತ್ತದ ನೀರು ಚೆಲ್ಲಿದರಂತೂ ಚಾಕುವಿನ ಮೇಲೆ ಆದದ್ದೇ ಟ್ರೈಲರ್ ಮೇಲೂ ಆಗುತ್ತದೆ. ಸತು ಕರಗುತ್ತದೆ, ಕಬ್ಬಿಣ ಕರಗುತ್ತದೆ. ಕೂತ ತಾಮ್ರದ ಸುತ್ತ ತುಕ್ಕು ಇನ್ನೂ ಬೇಗ ಹರಡುತ್ತದೆ. ಅಲ್ಯೂಮಿನಿಯಂ ತಗಡು ಹಾಸಿದರೆ ಬಚಾವ್ ಎಂದುಕೊಳ್ಳಬೇಡಿ, ಅದನ್ನೂ ತಾಮ್ರ ತೂತು ಮಾಡುತ್ತದೆ.

ಇದಕ್ಕೆ ಮದ್ದು ಸುಲಭ. ಮೈಲುತುತ್ತವನ್ನು ಯಾವಾಗಲೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ಡ್ರಮ್ಮಿನ ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಸಿ, ಕೆಲಸ ಮುಗಿದ ದಿನವೇ ಟ್ರೈಲರ್ ತೊಳೆದು ಇಳಿಜಾರಾಗಿ ನಿಲ್ಲಿಸಿ. ದುಬಾರಿ ಲೇಪನ ಮಾಡಿಸಿ ತೊಳೆಯದೆ ಬಿಡುವುದಕ್ಕಿಂತ ಸಾದಾ ಲೇಪನ ಮಾಡಿಸಿ ತೊಳೆಯುವುದು ಮೇಲು.

ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

"ವೇಸ್ಟ್ ಆಯಿಲ್ ಬಳಿದರೆ ಸಾಕು." ಅರ್ಧ ನಿಜ, ಪೂರ್ತಿ ಅಪಾಯ. ಎಣ್ಣೆ ನೀರನ್ನು ದೂರ ಇಡುತ್ತದೆ ಎಂಬುದು ಸರಿ. ಆದರೆ ನಮ್ಮ ಮಳೆಗೆ ಅದು ನಿಲ್ಲುವುದಿಲ್ಲ, ತೊಳೆದು ತೋಟಕ್ಕೆ, ಅಲ್ಲಿಂದ ಹಳ್ಳಕ್ಕೆ, ಕೊನೆಗೆ ತುಂಗೆಗೋ ಭದ್ರೆಗೋ ಸೇರುತ್ತದೆ. ಎಂಜಿನ್‌ನಲ್ಲಿ ಸುಟ್ಟ ಎಣ್ಣೆಯಲ್ಲಿ ಆಮ್ಲ, ಲೋಹದ ಪುಡಿ, ಕ್ಯಾನ್ಸರ್‌ಕಾರಕ ಅಂಶಗಳಿರುತ್ತವೆ. ಬರಿಗೈಯಲ್ಲಿ ಬಳಿಯುವುದು ಚರ್ಮಕ್ಕೂ ಒಳ್ಳೆಯದಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿಯಲ್ಲಿ ಬಳಸಿದ ಎಣ್ಣೆಯೂ ಬರುತ್ತದೆ. ಶೃಂಗೇರಿಯ ಸ್ನಾನಘಟ್ಟದಲ್ಲಿ ಮೀನಿಗೆ ಮಂಡಕ್ಕಿ ಹಾಕುವ ನಾವೇ ಮೇಲಿನ ಊರಿನಲ್ಲಿ ಹಳ್ಳಕ್ಕೆ ಎಣ್ಣೆ ಬಿಡುವುದು ಸರಿಯೇ? ಇನ್ನೊಂದು ತೊಂದರೆ: ಒಮ್ಮೆ ಎಣ್ಣೆ ಬಳಿದ ಕಬ್ಬಿಣದ ಮೇಲೆ ಮುಂದೆ ಬಣ್ಣ ಹಿಡಿಯುವುದು ಕಷ್ಟ.

"ಸಿಲ್ವರ್ ಪೇಂಟ್ ಎಂದರೆ ಜಿಐ." ಸುಳ್ಳು. ಸಿಲ್ವರ್ ಪೇಂಟಿನಲ್ಲಿರುವುದು ಅಲ್ಯೂಮಿನಿಯಂ ಪುಡಿ. ನೀರು ತಡೆಯುತ್ತದೆ, ಆದರೆ ಗೀರು ಬಿದ್ದಲ್ಲಿ ಸತುವಿನ ಹಾಗೆ ಕಾಯುವುದಿಲ್ಲ. ಅನುಮಾನ ಬಂದರೆ ಬಟ್ಟೆಗೆ ಥಿನ್ನರ್ ಹಾಕಿ ಉಜ್ಜಿ ನೋಡಿ. ಬೆಳ್ಳಿ ಬಣ್ಣ ಬಟ್ಟೆಗೆ ಹತ್ತಿದರೆ ಅದು ಪೇಂಟ್. ಸತು ಹೀಗೆ ಬರುವುದಿಲ್ಲ.

"ರೆಡ್ ಆಕ್ಸೈಡ್ ತುಕ್ಕನ್ನು ತಿನ್ನುತ್ತದೆ, ತುಕ್ಕಿನ ಮೇಲೇ ಬಳಿಯಿರಿ." ಸುಳ್ಳು. ರೆಡ್ ಆಕ್ಸೈಡಿನ ಕೆಂಪು ಬಣ್ಣವೇ ಕಬ್ಬಿಣದ ಆಕ್ಸೈಡ್, ತುಕ್ಕಿನ ಬಂಧು. ಅದು ಮೇಲಿನ ಬಣ್ಣ ಹಿಡಿದುಕೊಳ್ಳಲು ಒಳ್ಳೆಯ ತಳಪಾಯ, ತುಕ್ಕಿಗೆ ಔಷಧಿಯಲ್ಲ. ಕೆಲವು ರೆಡ್ ಆಕ್ಸೈಡ್ ಪ್ರೈಮರ್‌ಗಳಲ್ಲಿ ಜಿಂಕ್ ಕ್ರೋಮೇಟ್ ಇರುತ್ತದೆ. ಅದು ತುಕ್ಕು ತಡೆಯುತ್ತದೆ ನಿಜ, ಆದರೆ ಅದರ ಧೂಳು ವಿಷ. ಹಳೆಯ ಬಣ್ಣ ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ.

"ರಸ್ಟ್ ಕನ್ವರ್ಟರ್ ಇದ್ದರೆ ಉಜ್ಜುವುದೇ ಬೇಡ." ಅರ್ಧ ನಿಜ. ಇವುಗಳಲ್ಲಿ ಫಾಸ್ಫರಿಕ್ ಆಮ್ಲ ಅಥವಾ ಟ್ಯಾನಿನ್ ಇರುತ್ತದೆ. ಟ್ಯಾನಿನ್ ನಮಗೆ ಹೊಸದಲ್ಲ. ಅಡಿಕೆ ಚೊಗರು ತಾಗಿದ ಕತ್ತಿ ಕಪ್ಪಾಗುವುದು ಅದರಿಂದಲೇ. ತೆಳುವಾದ ತುಕ್ಕನ್ನು ಇದು ಕಪ್ಪು ಪದರವಾಗಿ ಬದಲಿಸುತ್ತದೆ. ಹಕ್ಕಳೆ ಎದ್ದ ತುಕ್ಕಿಗೆ ಇದು ತಲುಪುವುದೇ ಇಲ್ಲ. ಹಾಗೆಂದು ಮನೆಯ ಚೊಗರನ್ನು ಟ್ರೈಲರ್‌ಗೆ ಬಳಿಯಲು ಹೋಗಬೇಡಿ, ಅದು ಲೇಪನವಲ್ಲ.

"ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕೇ ಇಲ್ಲ." ಸುಳ್ಳು. ತುಕ್ಕು ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ಕ್ಲೋರೈಡ್ ತಾಗಿದರೆ 304 ಗ್ರೇಡಿನಲ್ಲೂ ಸಣ್ಣ ತೂತುಗಳು ಬೀಳುತ್ತವೆ. ಅಗ್ಗದ 202 ಗ್ರೇಡಿಗೆ ಇನ್ನೂ ಬೇಗ ಕಲೆ ಬರುತ್ತದೆ.

"ದೆಹಲಿಯ ಕಬ್ಬಿಣದ ಕಂಬಕ್ಕೆ ತುಕ್ಕಿಲ್ಲ, ಆ ವಿದ್ಯೆ ಈಗ ಕಳೆದುಹೋಗಿದೆ." ಅರ್ಧ ನಿಜ. ಸುಮಾರು 1,600 ವರ್ಷ ಹಳೆಯ ಆ ಕಂಬದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅದರಿಂದ ಮೇಲೆ ಕಾಪಾಡುವ ತೆಳು ಪದರ ಬೆಳೆದಿದೆ. ದೆಹಲಿಯ ಒಣ ಹವೆಯೂ ನೆರವಾಗಿದೆ. ಇದು ರಹಸ್ಯವಲ್ಲ, ವಿಜ್ಞಾನಿಗಳು ವಿವರಿಸಿದ್ದಾರೆ. ರಂಜಕ ಹೆಚ್ಚಾದರೆ ಉಕ್ಕು ಬೇಗ ಬಿರುಕು ಬಿಡುವುದರಿಂದ ಇಂದು ಅದನ್ನು ಬೇಕೆಂದೇ ಕಡಿಮೆ ಮಾಡುತ್ತಾರೆ. ನಿಂತಲ್ಲೇ ನಿಲ್ಲುವ ಕಂಬಕ್ಕೆ ಅದು ನಡೆಯುತ್ತದೆ, ಗುಂಡಿ ರಸ್ತೆಯಲ್ಲಿ ಕುಲುಕುವ ಟ್ರೈಲರ್‌ಗೆ ನಡೆಯುವುದಿಲ್ಲ.

"ಜಿಐ ವೆಲ್ಡಿಂಗ್ ಮಾಡುವವರು ಹಾಲು ಕುಡಿದರೆ, ಬೆಲ್ಲ ತಿಂದರೆ ಹೊಗೆ ಏನೂ ಮಾಡುವುದಿಲ್ಲ." ಸುಳ್ಳು, ಮತ್ತು ಈ ಪಟ್ಟಿಯಲ್ಲಿ ಆರೋಗ್ಯಕ್ಕೆ ಮುಖ್ಯವಾದದ್ದು. ಸತು ಬಳಿದ ಕಬ್ಬಿಣವನ್ನು ವೆಲ್ಡ್ ಮಾಡಿದಾಗ ಏಳುವ ಬಿಳಿ ಹೊಗೆ ಸತುವಿನ ಆಕ್ಸೈಡ್. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ, ಹೆಚ್ಚಾಗಿ ರಾತ್ರಿ, ಚಳಿ ಜ್ವರ, ಕೆಮ್ಮು, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ಬರುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ಹಾಗಾಗಿ ಜನ ಇದನ್ನು ಶೀತ ಜ್ವರ ಎಂದುಕೊಳ್ಳುತ್ತಾರೆ. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಹಾಲು ಕಾಪಾಡುತ್ತದೆ ಎನ್ನಲು ಆಧಾರವಿಲ್ಲ. ಕೆಲಸವನ್ನು ಬಯಲಲ್ಲಿ ಮಾಡಿ, ವೆಲ್ಡ್ ಮಾಡುವ ಜಾಗದ ಸತುವನ್ನು ಮೊದಲೇ ಉಜ್ಜಿ ತೆಗೆಯಿರಿ, ಲೋಹದ ಹೊಗೆ ತಡೆಯುವ ಮಾಸ್ಕ್ ಹಾಕಿ. ಉಸಿರಾಟ ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಹೊಸ ಟ್ರೈಲರ್ ಮಾಡಿಸುವವರು ಏನು ಕೇಳಬೇಕು?

ಹಾಟ್ ಡಿಪ್ ನಮ್ಮೂರಿನ ವೆಲ್ಡಿಂಗ್ ಶಾಪಿನಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ದೊಡ್ಡ ತೊಟ್ಟಿ ಬೇಕು, ಹಾಗಾಗಿ ಚೌಕಟ್ಟನ್ನು ದೊಡ್ಡ ಊರಿನ ಗ್ಯಾಲ್ವನೈಸಿಂಗ್ ಘಟಕಕ್ಕೆ ಕಳಿಸಬೇಕು. ಕಳಿಸುವ ಮೊದಲು ಮೂರು ವಿಷಯ ಗಮನಿಸಿ.

ಒಂದು, ಎಲ್ಲ ವೆಲ್ಡಿಂಗ್, ಎಲ್ಲ ತೂತು ಮೊದಲೇ ಮುಗಿದಿರಲಿ. ಆಮೇಲೆ ವೆಲ್ಡ್ ಮಾಡಿದರೆ ಅಲ್ಲಿನ ಸತು ಸುಟ್ಟುಹೋಗುತ್ತದೆ. ಎರಡು, ಸಾಧ್ಯವಾದಷ್ಟು ಚೌಕ ಪೈಪಿನ ಬದಲು ಆ್ಯಂಗಲ್ ಅಥವಾ ಚಾನಲ್ ಬಳಸಿ, ತುಕ್ಕು ಬಂದರೆ ಕಣ್ಣಿಗೆ ಕಾಣುತ್ತದೆ. ಮೂರು, ಪೈಪ್ ಬಳಸಿದರೆ ಗಾಳಿ ಹೋಗಲು, ಸತು ಇಳಿಯಲು ತೂತುಗಳಿರಲೇಬೇಕು. ಪೂರ್ತಿ ಮುಚ್ಚಿದ ಪೈಪನ್ನು ಕಾದ ಸತುವಿನಲ್ಲಿ ಮುಳುಗಿಸಿದರೆ ಒಳಗಿನ ತೇವ ಆವಿಯಾಗಿ ಪೈಪ್ ಸಿಡಿಯಬಹುದು. ಘಟಕದವರ ಬಳಿ ದಪ್ಪ ಅಳೆಯುವ ಮೀಟರ್ ಇರುತ್ತದೆ. ನಿಮ್ಮೆದುರೇ ಅಳೆದು ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಹಾಟ್ ಡಿಪ್ ಮೇಲೆ ಬಣ್ಣ ಬೇಕೆಂದರೆ ಸಾದಾ ಎನಾಮಲ್ ನೇರವಾಗಿ ಬಳಿಯಬೇಡಿ. ಎನಾಮಲ್ಲಿನ ಎಣ್ಣೆಯ ಅಂಶ ಸತುವಿನ ಜೊತೆ ಸೇರಿ ಸಾಬೂನಿನಂತೆ ಆಗಿ ಬಣ್ಣ ಸುಲಿಯುತ್ತದೆ. ಜಿಐಗೆಂದೇ ಬರುವ ಪ್ರೈಮರ್ ಮೊದಲು ಹಾಕಬೇಕು. ಪೌಡರ್ ಕೋಟಿಂಗ್ ಅಂದವಾಗಿದೆ, ಗೇಟಿಗೆ ಕಿಟಕಿಗೆ ಸರಿ. ಕಲ್ಲು ಹೊರುವ ಟ್ರೈಲರ್‌ಗೆ ಬೇಡ. ಒಂದು ಗೀರಿನಿಂದ ಒಳಗೇ ತುಕ್ಕು ಹರಿಯುತ್ತದೆ, ಮನೆಯಲ್ಲಿ ರಿಪೇರಿ ಮಾಡಲು ಆಗುವುದಿಲ್ಲ.

ಹಳೆಯ ಟ್ರೈಲರ್ ಇರುವವರಿಗೆ

1. ಮೊದಲು ನೀರಿನಿಂದ ತೊಳೆಯಿರಿ. ಗೊಬ್ಬರದ ಉಪ್ಪು ಉಳಿದರೆ ಉಜ್ಜಿ ಪ್ರಯೋಜನವಿಲ್ಲ. ಪೂರ್ತಿ ಒಣಗಲಿ.

2. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ, ಮುಖ್ಯವಾಗಿ ಟಿಲ್ಲರ್‌ಗೆ ಸಿಕ್ಕಿಸುವ ಭಾಗ, ಆಕ್ಸಲ್ ಹಿಡಿದಿರುವ ಜಾಗ, ವೆಲ್ಡಿಂಗ್ ಜೋಡಣೆ. ಟಣ್ ಎಂದರೆ ಗಟ್ಟಿ. ದಬ್ ಎಂದರೆ, ಸ್ಕ್ರೂ ಡ್ರೈವರ್ ಒಳಗೆ ಹೋದರೆ, ಬಣ್ಣದ ಮಾತು ಬಿಡಿ. ಆ ತುಂಡು ಬದಲಾಯಿಸಿ.

3. ವೈರ್ ಬ್ರಷ್ ಅಥವಾ ಗ್ರೈಂಡರ್‌ನಿಂದ ಕಬ್ಬಿಣ ಹೊಳೆಯುವವರೆಗೆ ಉಜ್ಜಿ. ಥಿನ್ನರ್‌ನಿಂದ ಎಣ್ಣೆ ಜಿಡ್ಡು ಒರೆಸಿ. ಬೀಡಿ ಸಿಗರೇಟು ಹತ್ತಿರ ಬೇಡ.

4. ಅದೇ ದಿನ ಪ್ರೈಮರ್ ಹಾಕಿ. ಮಲೆನಾಡಿನ ಗಾಳಿಗೆ ಉಜ್ಜಿದ ಕಬ್ಬಿಣ ರಾತ್ರಿ ಕಳೆಯುವುದರೊಳಗೆ ಮತ್ತೆ ಕೆಂಪಾಗುತ್ತದೆ. ಒಣಗಿದ ಪದರದಲ್ಲಿ 80 ಪ್ರತಿಶತಕ್ಕಿಂತ ಹೆಚ್ಚು ಸತು ಇರುವ ಜಿಂಕ್ ಪ್ರೈಮರ್ ಒಳ್ಳೆಯದು. ಅದು ಬರಿ ಕಬ್ಬಿಣಕ್ಕೆ ತಾಗಿದರೆ ಮಾತ್ರ ಕೆಲಸ ಮಾಡುತ್ತದೆ, ತುಕ್ಕಿನ ಮೇಲೆ ಅಲ್ಲ. ಅದು ಸಿಗದಿದ್ದರೆ ಎಪಾಕ್ಸಿ ಪ್ರೈಮರ್.

5. ಅಂಚು, ಮೂಲೆ, ವೆಲ್ಡಿಂಗ್ ಗೆರೆಗಳಿಗೆ ಬ್ರಷ್ಷಿನಿಂದ ಒಂದು ಕೋಟು ಹೆಚ್ಚು. ಬಣ್ಣ ಅಲ್ಲೇ ತೆಳುವಾಗುವುದು, ತುಕ್ಕು ಅಲ್ಲೇ ಶುರುವಾಗುವುದು.

6. ಮೇಲೆ ಎರಡು ಕೋಟು ಬಣ್ಣ. ಎಪಾಕ್ಸಿ ಬಿಸಿಲಿಗೆ ಪುಡಿಯಾಗುತ್ತದೆ, ಅದರ ಮೇಲೆ ಪಿಯು ಬಣ್ಣ ಇದ್ದರೆ ಚೆನ್ನ.

ಸಮಯವೂ ಮುಖ್ಯ. ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ. ಮಂಜು ಬಿದ್ದ ಬೆಳಿಗ್ಗೆ ಕಬ್ಬಿಣದ ಮೇಲೆ ಕಾಣದ ಇಬ್ಬನಿ ಇರುತ್ತದೆ. ಬಿಸಿಲೇರಿ ಕಬ್ಬಿಣ ಬೆಚ್ಚಗಾದ ಮೇಲೆ ಬ್ರಷ್ ಹಿಡಿಯಿರಿ. ಮೇ ಕೊನೆಯಲ್ಲಿ, ಮೋಡ ಕವಿದಾಗ, ಅವಸರದಲ್ಲಿ ಬಳಿದ ಬಣ್ಣವೇ ಆಗಸ್ಟಿನಲ್ಲಿ ಸುಲಿಯುವುದು. ನಮ್ಮ ಮನೆಯಲ್ಲಿ ಆದ ತಪ್ಪೂ ಅದೇ, ಜೊತೆಗೆ ಪೈಪಿನಲ್ಲಿ ನೀರು ಇಳಿಯಲು ತೂತು ಇರಲಿಲ್ಲ. ಈಗ ಆ ಭಾಗಕ್ಕೆ ಚಾನಲ್ ಹಾಕಿಸಿದ್ದೇವೆ. ಅಪ್ಪಯ್ಯ ಪ್ರತಿ ವರ್ಷ ಮಳೆ ಮುಗಿದ ಮೇಲೆ ಸುತ್ತಿಗೆ ಹಿಡಿದು ಒಂದು ಸುತ್ತು ತಟ್ಟುತ್ತಾರೆ.

ಮುಂದಿನ ಸಲ ವೇಸ್ಟ್ ಆಯಿಲ್ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಬೋರ್ಡೋ ಡ್ರಮ್ಮಿನ ಚಾಕುವನ್ನು ನೆನಪಿಸಿಕೊಳ್ಳಿ. ಕಳಿಸಲೇಬೇಕು ಎನಿಸಿದರೆ ಈ ಒಂದು ಸಾಲು ಕಳಿಸಿ: ತೊಳೆದು, ಒಣಗಿಸಿ, ತುಕ್ಕು ಕೆರೆದು, ಸತು ಹಾಕಿ, ಆಮೇಲೆ ಬಣ್ಣ. ಟಿಲ್ಲರ್‌ಗೆ ಸಿಕ್ಕಿಸುವ ಭಾಗವನ್ನು ಇವತ್ತೇ ಒಮ್ಮೆ ತಟ್ಟಿ ನೋಡಿ.